ಗುಡ್ಡದ ಬುಡದ ಮನೆಗೆ ಆಕಾಶದ ಬೆಳಕು: ಬದಿಯಡ್ಕ ಸಮೀಪದ ಒಂದು ಮನೆಯ ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ, ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿದ್ದ ಒಂದು ಹಳೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಸಿದ ಅಡಿಕೆ ಕೃಷಿಕ ಕುಟುಂಬವೊಂದರ ಮನೆಯ ವಿನ್ಯಾಸವನ್ನು ಇಲ್ಲಿ ವಿವರಿಸಿದ್ದೇನೆ. ಮನೆಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿ, ಅವರ ಮಗ ಅಂದರೆ ಮನೆಯ ಯಜಮಾನರು, ಯಜಮಾನರ ಪತ್ನಿ, ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಮಗ, ಸೊಸೆ ಮತ್ತು ಶಾಲೆಗೆ ಹೋಗುವ ಮೊಮ್ಮಗಳು ಇದ್ದಾರೆ. ಹಗಲು ಹೊತ್ತಿನಲ್ಲಿ ಲೈಟು ಹಾಕದೆ ಬದುಕುವಂತಹ ಮನೆ ಬೇಕೆಂಬುದು ಎಲ್ಲರ ಒಂದೇ ಬೇಡಿಕೆಯಾಗಿತ್ತು. ಆದರೆ ಆ ಬೇಡಿಕೆಗೆ ಖಚಿತವಾದ ಅಳತೆ ಕೊಟ್ಟವರು ಯಜಮಾನರ ಪತ್ನಿ. "ಆಟಿ ತಿಂಗಳಲ್ಲಿ ಬೆಳಗ್ಗೆ ಎಂಟು ಗಂಟೆಗೆ ಕುಚ್ಚಲಕ್ಕಿಯಲ್ಲಿ ಕಲ್ಲು ಕಾಣಬೇಕು, ಇಂಜಿನಿಯರ್ರೇ. ಬೇಸಗೆಯಲ್ಲಿ ಬೆಳಕು ಎಲ್ಲರ ಮನೆಗೂ ಬರುತ್ತದೆ" ಎಂದು ಅವರು ಮೊದಲ ಮಾತುಕತೆಯಲ್ಲೇ ಹೇಳಿದ್ದರು. ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ, ಮಳೆ ಜೋರಾಗಿರುವ ತುಳು ತಿಂಗಳು. ಈ ವಿನ್ಯಾಸದ ಬಹುಪಾಲು ನಿರ್ಧಾರಗಳು ಆ ಮಾತಿಗೆ ಉತ್ತರವಾಗಿ ಹುಟ್ಟಿದವು.

ನಮ್ಮ ಕಡೆ ಮನೆಗೆ ಬೆಳಕು ಬೇಕೆಂದ ಕೂಡಲೇ ದೊಡ್ಡ ಗಾಜಿನ ಕಿಟಕಿಗಳ ಚಿತ್ರಗಳನ್ನು ತೋರಿಸುವ ಅಭ್ಯಾಸ ಬೆಳೆದಿದೆ. ಆ ಚಿತ್ರಗಳು ಹೆಚ್ಚಾಗಿ ಚಳಿ ದೇಶಗಳ ಮನೆಗಳವು. ಅಲ್ಲಿ ಬಿಸಿಲು ಒಳಗೆ ಬಂದರೆ ಬೆಳಕಿನ ಜೊತೆಗೆ ಬೇಕಾದ ಬಿಸಿಯೂ ಬರುತ್ತದೆ. ಕಾಸರಗೋಡಿನಲ್ಲಿ ವರ್ಷದ ಎಂಟು ತಿಂಗಳು ಬಿಸಿಲನ್ನು ಹೊರಗೇ ನಿಲ್ಲಿಸಿ ಬೆಳಕನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಕು. ಉಳಿದ ನಾಲ್ಕು ತಿಂಗಳು ಬಿಸಿಲೇ ಇಲ್ಲದ, ಮೋಡ ಕವಿದ ಆಕಾಶದಿಂದ ಸಿಕ್ಕಷ್ಟು ಬೆಳಕನ್ನು ಒಳಗೆ ತರಬೇಕು. ಇವೆರಡರಲ್ಲಿ ಮನೆಯ ಅಳತೆಯನ್ನು ನಿರ್ಧರಿಸಬೇಕಾದದ್ದು ಎರಡನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಮನೆ ಮತ್ತು ಅದರ ಕತ್ತಲು

ಜಾಗದ ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಇಳಿಯುತ್ತಾ ಹೋಗುವ ಅಡಿಕೆ ತೋಟ, ತೋಟದ ಕೊನೆಯಲ್ಲಿ ತೋಡು. ಗುಡ್ಡವನ್ನು ಕಡಿದು ಮಾಡಿದ ಸಮತಟ್ಟಿನ ಮೇಲೆ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಹಳೆಯ ಮನೆ ಇತ್ತು. ಹಿಂಬದಿಯ ಬರೆ, ಅಂದರೆ ಗುಡ್ಡ ಕಡಿದಲ್ಲಿ ಉಳಿದ ನೆಟ್ಟನೆಯ ಮಣ್ಣಿನ ಗೋಡೆ, ಸುಮಾರು 18 ಅಡಿ ಎತ್ತರವಿದ್ದು, ಅಡುಗೆಮನೆಯ ಗೋಡೆಯಿಂದ ಕೇವಲ 12 ಅಡಿ ದೂರದಲ್ಲಿತ್ತು. ಕಿಟಕಿಯ ಮಟ್ಟದಿಂದ ನೋಡಿದರೆ ಬರೆಯ ಅಂಚು ಸುಮಾರು 49 ಡಿಗ್ರಿ ಮೇಲಕ್ಕೆ ಕಾಣುತ್ತಿತ್ತು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹುಟ್ಟಿದ ಮೇಲೆ ಗಂಟೆಗೆ ಸುಮಾರು 14 ಡಿಗ್ರಿ ಮೇಲೇರುತ್ತಾನೆ. ಹಾಗಾಗಿ ಆರೂವರೆಗೆ ಸೂರ್ಯೋದಯವಾದರೂ ಆ ಅಡುಗೆಮನೆಗೆ ಹತ್ತು ಗಂಟೆಯವರೆಗೆ ನೇರ ಬಿಸಿಲು ಬೀಳುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಿಟಕಿಯಿಂದ ಹೊರಗೆ ನೋಡಿದರೆ ಆಕಾಶವೇ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಪಾಚಿ ಹಿಡಿದ ಕೆಂಪು ಬರೆ ಮಾತ್ರ. ಬಿಸಿಲಿಲ್ಲದ ದಿನ ಕಿಟಕಿಗೆ ಬೆಳಕು ಬರುವುದು ಅದಕ್ಕೆ ಕಾಣುವ ಆಕಾಶದಿಂದಲೇ. ಆಕಾಶ ಕಾಣದ ಕಿಟಕಿಯನ್ನು ಎಷ್ಟು ಅಗಲ ಮಾಡಿದರೂ ಆಟಿ ತಿಂಗಳಲ್ಲಿ ಅದರಿಂದ ಪ್ರಯೋಜನ ಕಡಿಮೆ.

ಎದುರು ಭಾಗದಲ್ಲಿ ಬೇರೆ ತೊಂದರೆ ಇತ್ತು. ಪಶ್ಚಿಮದ ಅಂಗಳಕ್ಕೆ, ಕೆಲವು ವರ್ಷಗಳ ಹಿಂದೆ, ಅಡಿಕೆ ಒಣಗಿಸುವ ಅನುಕೂಲಕ್ಕೂ ಮಳೆಯ ಎರಚಲು ತಡೆಯುವುದಕ್ಕೂ ಶೀಟಿನ ಮಾಡು (ಚಾವಣಿ) ಹಾಕಿಸಿದ್ದರು. ಅದರಲ್ಲಿ ಅಲ್ಲಲ್ಲಿ ಪಾರದರ್ಶಕ ಶೀಟುಗಳಿದ್ದರೂ ಅವು ಹಳದಿಗಟ್ಟಿ, ಮೇಲೆ ತರಗೆಲೆ ಕೂತು, ಹೆಸರಿಗೆ ಮಾತ್ರ ಪಾರದರ್ಶಕವಾಗಿದ್ದವು. ಜಗಲಿಯ ಮಾಡು ಆರು ಅಡಿಯವರೆಗೆ ಇಳಿದಿತ್ತು, ಅದರ ಹೊರಗೆ ಶೀಟಿನ ಮಾಡು. ಹೀಗೆ ಮುಂದೂ ಹಿಂದೂ ಆಕಾಶ ಮುಚ್ಚಿಹೋಗಿದ್ದ ಮನೆಯ ನಡುವೆ, ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆಗಳಿಗೆ ದಳಿ ಹಾಕಿದ ಎರಡು ಸಣ್ಣ ಕಿಟಕಿಗಳು. ಎರಡೂ ಸೇರಿದರೆ 15 ಚದರ ಅಡಿ, ಅಂದರೆ ನೆಲದ ವಿಸ್ತೀರ್ಣದ ಹದಿನಾರನೇ ಒಂದು ಪಾಲು. ನಮ್ಮಂತಹ ಸೆಕೆ ಮತ್ತು ತೇವ ಎರಡೂ ಇರುವ ಪ್ರದೇಶಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಕನಿಷ್ಠ ಆರನೇ ಒಂದು ಪಾಲು. ಹಲಸಿನ ಹಲಗೆಯ ಮುಚ್ಚಿಗೆ ಹೊಗೆಯಿಂದ ಕಪ್ಪಾಗಿತ್ತು, ನೆಲ ಕಪ್ಪು ಗಾರೆಯದ್ದು. ಒಳಗೆ ಬಂದ ಅಲ್ಪ ಬೆಳಕನ್ನೂ ಇವು ನುಂಗುತ್ತಿದ್ದವು.

ಹಳೆಯ ಮನೆಗಳನ್ನು ಕಟ್ಟಿದವರಿಗೆ ಬೆಳಕಿನ ತಿಳಿವಳಿಕೆ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಅವರ ಹಗಲು ಕಳೆಯುತ್ತಿದ್ದುದು ಜಗಲಿ, ಅಂಗಳ ಮತ್ತು ತೋಟದಲ್ಲಿ. ಒಳಗಿನ ಕೋಣೆ ತಂಪಾಗಿ, ಕತ್ತಲೆಯಾಗಿ ಇರುವುದು ಅವರಿಗೆ ಬೇಕಾಗಿಯೇ ಇತ್ತು. ಈಗ ಹಗಲಿಡೀ ಒಳಗೆ ಕೂತು ಕೆಲಸ ಮಾಡುವವರು, ಓದುವವರು ಇದ್ದಾರೆ. ಅಜ್ಜಿಗೆ ಎರಡೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಇಪ್ಪತ್ತರ ಹರೆಯದವರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕಿನ ಮೂರನೇ ಒಂದರಷ್ಟು ಮಾತ್ರ ಅರುವತ್ತು ದಾಟಿದವರಿಗೆ ತಲುಪುತ್ತದೆ ಎಂಬುದು ಕಣ್ಣಿನ ವಿಷಯದಲ್ಲಿ ಒಪ್ಪಿತವಾದ ಮಾತು. ಶಸ್ತ್ರಚಿಕಿತ್ಸೆಯ ಬಳಿಕ ಬೆಳಕು ಚೆನ್ನಾಗಿ ಒಳಹೋದರೂ ಕಣ್ಣು ಕುಕ್ಕುವ ಪ್ರಖರತೆ ಅವರಿಗೆ ಹಿಂಸೆಯಾಗುತ್ತಿತ್ತು. ಆದ್ದರಿಂದ ಅವರ ಕೋಣೆಗೆ ಬೇಕಾದದ್ದು ಹೆಚ್ಚು ಬೆಳಕು, ಆದರೆ ಹರಡಿದ ಬೆಳಕು.

ಸೂರ್ಯನ ದಾರಿ

ಜಾಗದಲ್ಲಿ ಮೊದಲು ಮಾಡಿದ ಕೆಲಸ ದಿಕ್ಕು ಹಿಡಿಯುವುದು. ಅಂಗಳದ ಮಣ್ಣಿನಲ್ಲಿ ನೆಟ್ಟಗೆ ಒಂದು ಕೋಲು ನೆಟ್ಟು, ಅದರ ಬುಡದ ಸುತ್ತ ಒಂದು ವೃತ್ತ ಎಳೆದು, ಬೆಳಗ್ಗೆ ಕೋಲಿನ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಜಾಗವನ್ನೂ ಮಧ್ಯಾಹ್ನದ ನಂತರ ಅದೇ ವೃತ್ತವನ್ನು ದಾಟಿದ ಜಾಗವನ್ನೂ ಗುರುತು ಮಾಡಿ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ ಸಿಗುತ್ತದೆ. ನಮ್ಮ ಹಿಂದಿನ ಶಿಲ್ಪಿಗಳು ಬಳಸುತ್ತಿದ್ದ ಈ ಶಂಕುವಿನ ವಿಧಾನ ಇಂದಿಗೂ ಮೊಬೈಲಿನ ದಿಕ್ಸೂಚಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಮೊಮ್ಮಗಳು ಈ ಕೆಲಸವನ್ನು ತನ್ನದಾಗಿಸಿಕೊಂಡು ಗುರುತುಗಳ ಮೇಲೆ ಅಡಿಕೆ ಸಿಪ್ಪೆ ಇಟ್ಟು ಕಾದಳು. ನೆರಳು ಅತಿ ಚಿಕ್ಕದಾದದ್ದು ಹನ್ನೆರಡಕ್ಕೆ ಅಲ್ಲ, ಹನ್ನೆರಡೂವರೆಯ ಸುಮಾರಿಗೆ. ಕಾಸರಗೋಡು 75 ಡಿಗ್ರಿ ರೇಖಾಂಶದಲ್ಲಿದ್ದು, ನಮ್ಮ ಗಡಿಯಾರ 82.5 ಡಿಗ್ರಿಯ ಸಮಯವನ್ನು ತೋರಿಸುವುದರಿಂದ ಈ ಅರ್ಧ ಗಂಟೆಯ ವ್ಯತ್ಯಾಸ. ಪಶ್ಚಿಮದ ಬಿಸಿಲಿನ ಲೆಕ್ಕ ಹಾಕುವಾಗ ಇದನ್ನು ಮರೆತರೆ ಸಂಜೆಯ ಸೆಕೆಯ ಅಂದಾಜು ತಪ್ಪುತ್ತದೆ.

ಈ ಜಾಗದ ಅಕ್ಷಾಂಶ ಸುಮಾರು 12.5 ಡಿಗ್ರಿ. ಡಿಸೆಂಬರ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗಿರುವ ದಿನದಂದು ಆ ಎತ್ತರ 77.5 ಡಿಗ್ರಿ. ಏಪ್ರಿಲ್ 23ರ ಆಸುಪಾಸಿನಲ್ಲಿ ನೇರ ನೆತ್ತಿಯ ಮೇಲೆ ಬಂದು, ಆಮೇಲೆ ಉತ್ತರಕ್ಕೆ ಸರಿದು, ಆಗಸ್ಟ್ 19ರ ಹೊತ್ತಿಗೆ ಮತ್ತೆ ನೆತ್ತಿಯನ್ನು ದಾಟುತ್ತಾನೆ. ಈ ನಡುವಿನ ಸುಮಾರು ನಾಲ್ಕು ತಿಂಗಳು ನಡುಹಗಲಿನಲ್ಲೂ ಬಿಸಿಲು ಉತ್ತರದ ಗೋಡೆಗೆ ಬೀಳುತ್ತದೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂಬ ಮಾತು ಪುಸ್ತಕಗಳಲ್ಲಿ ಇರುತ್ತದೆ. ಅದು ನಮಗೆ ಪೂರ್ತಿ ಅನ್ವಯಿಸುವುದಿಲ್ಲ. ಮನೆಯ ಉತ್ತರದ ಕಿಟಕಿಗಳಿಗೂ ಒಂದೂವರೆ ಅಡಿಯ ಸನ್‌ಶೇಡ್ ಇಟ್ಟದ್ದು ಇದಕ್ಕಾಗಿ.

ಬಿಸಿಲಿನ ದಿಕ್ಕಿನ ಬಗ್ಗೆ ಯಜಮಾನರಿಗೆ ನಾನು ಹೆಚ್ಚು ಹೇಳಬೇಕಾಗಿ ಬರಲಿಲ್ಲ. ಅಡಿಕೆ ಮರಕ್ಕೆ ನೈಋತ್ಯದ ಬಿಸಿಲು ಬಡಿದರೆ ಕಾಂಡ ಸುಟ್ಟು ಸೀಳುತ್ತದೆ. ಸಾಲುಗಳನ್ನು ಉತ್ತರ ದಕ್ಷಿಣದ ಗೆರೆಯಿಂದ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ನೆಡಬೇಕೆಂಬ ಶಿಫಾರಸು ಇರುವುದು ಈ ಕಾರಣಕ್ಕೆ. ಎಳೆಯ ಮರಗಳ ಆ ಬದಿಗೆ ಸೋಗೆ ಕಟ್ಟುವುದು ಅವರ ಮನೆಯಲ್ಲಿ ಹಿಂದಿನಿಂದ ನಡೆದು ಬಂದದ್ದು. "ಮರಕ್ಕೆ ಸೋಗೆ ಕಟ್ಟಿದ ಬದಿಗೇ ಮನೆಗೂ ಕಟ್ಟಬೇಕು, ಅಷ್ಟೇ ಅಲ್ಲವಾ" ಎಂದು ಅವರು ಹೇಳಿದಾಗ ಮನೆಯ ಪಶ್ಚಿಮ ಭಾಗದ ಚರ್ಚೆ ಅಲ್ಲಿಗೆ ಮುಗಿಯಿತು.

ಜಾಗ ಹೇಳುವುದು ಒಂದು, ಸೂರ್ಯ ಹೇಳುವುದು ಇನ್ನೊಂದು

ಉಷ್ಣವಲಯದ ಮನೆಗೆ ಉದ್ದನೆಯ ಗೋಡೆಗಳು ಉತ್ತರ ಮತ್ತು ದಕ್ಷಿಣಕ್ಕೆ ಇರಬೇಕು, ಪೂರ್ವ ಪಶ್ಚಿಮದ ಗೋಡೆಗಳು ಚಿಕ್ಕದಿರಬೇಕು ಎಂಬುದು ಸಾಮಾನ್ಯ ನಿಯಮ. ತಗ್ಗಿನ ಸೂರ್ಯನನ್ನು ಸನ್‌ಶೇಡ್‌ನಿಂದ ತಡೆಯಲಾಗದ ಕಾರಣ ಈ ನಿಯಮ ಸರಿಯಾದದ್ದೇ. ಆದರೆ ನಮ್ಮ ಗುಡ್ಡದ ಬುಡದ ಸಮತಟ್ಟುಗಳು ಗುಡ್ಡದ ಅಂಚಿಗೆ ಸಮಾನಾಂತರವಾಗಿರುತ್ತವೆ. ಈ ಜಾಗದ ಸಮತಟ್ಟು ಉತ್ತರ ದಕ್ಷಿಣವಾಗಿ ಉದ್ದ, ಪೂರ್ವ ಪಶ್ಚಿಮವಾಗಿ ಕೇವಲ 68 ಅಡಿ. ನಿಯಮದ ಪ್ರಕಾರ ಮನೆಯನ್ನು ಪೂರ್ವ ಪಶ್ಚಿಮಕ್ಕೆ ಉದ್ದ ಮಾಡಿದರೆ ಒಂದು ತುದಿ ಬರೆಗೆ ತಾಗುತ್ತದೆ, ಇನ್ನೊಂದು ತುದಿ ತೋಟದೊಳಗೆ ಇಳಿಯುತ್ತದೆ.

ಈ ಇಕ್ಕಟ್ಟಿಗೆ ಉತ್ತರ ಸಿಕ್ಕಿದ್ದು ನಡು ಅಂಗಳದಲ್ಲಿ. ಸುಮಾರು 44 ಅಡಿಗೆ 41 ಅಡಿಯ, ಹೆಚ್ಚು ಕಡಿಮೆ ಚೌಕಾಕಾರದ ಮನೆಯ ನಡುವೆ 12 ಅಡಿಗೆ 10 ಅಡಿಯ ನಡು ಅಂಗಳವನ್ನಿಟ್ಟು, ಸುತ್ತಲೂ 14 ಅಡಿಗಿಂತ ಆಳವಿಲ್ಲದ ಕೋಣೆಗಳನ್ನು ಜೋಡಿಸಿದೆವು. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಮಾತ್ರ ಕೋಣೆಗೆ ಉಪಯೋಗಕ್ಕೆ ಬರುವ ಬೆಳಕು ತಲುಪುತ್ತದೆ ಎಂಬುದು ಅನುಭವದ ಲೆಕ್ಕ. ಊರಿನಲ್ಲಿ ಲಿಂಟಲ್, ಅಂದರೆ ಕಿಟಕಿ ಬಾಗಿಲುಗಳ ಮೇಲಿನ ಅಡ್ಡತೊಲೆ, ಏಳು ಅಡಿಗೆ ಹಾಕುವುದು ವಾಡಿಕೆ. ಇಲ್ಲಿ ಅದನ್ನು ಎಂಟು ಅಡಿಗೆ ಏರಿಸಿದೆವು. ಆ ಒಂದು ಅಡಿ ಮೇಸ್ತ್ರಿಗೆ ವ್ಯರ್ಥವೆನಿಸಿತ್ತು. ಕೋಣೆಯ ಒಳಗಿನ ಮೂಲೆಗೆ ಬೆಳಕು ತಲುಪಿಸುವುದು ಕಿಟಕಿಯ ಮೇಲಿನ ಆ ಭಾಗವೇ, ಕೆಳಗಿನ ಭಾಗ ಅಲ್ಲ. ಅಗಲಕ್ಕೆ ಖರ್ಚು ಮಾಡುವ ಹಣವನ್ನು ಎತ್ತರಕ್ಕೆ ಖರ್ಚು ಮಾಡಿ ಎಂದು ಮನೆ ಕಟ್ಟಿಸುವ ಎಲ್ಲರಿಗೂ ನಾನು ಒತ್ತಾಯಿಸುತ್ತೇನೆ.

ಮನೆಯನ್ನು ಬರೆಯಿಂದ 40 ಅಡಿ ಮುಂದಕ್ಕೆ ತಂದದ್ದು ಎಲ್ಲಕ್ಕಿಂತ ದುಬಾರಿಯಾದ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ನಿರ್ಧಾರ. ಇದರಿಂದ ಬರೆಯ ಅಂಚಿನ ಕೋನ 49 ಡಿಗ್ರಿಯಿಂದ 19 ಡಿಗ್ರಿಗೆ ಇಳಿಯಿತು. ಹತ್ತು ಗಂಟೆಗೆ ಬರುತ್ತಿದ್ದ ಬಿಸಿಲು ಎಂಟಕ್ಕೆ ಮೊದಲೇ ಬರುವಂತಾಯಿತು. ಮಳೆಗಾಲದಲ್ಲಿ ಬರೆ ಜರಿದರೆ ಮನೆಗೆ ಅಪಾಯವಾಗದು ಎಂಬುದೂ ಸಣ್ಣ ಮಾತಲ್ಲ. ಇದಕ್ಕಾಗಿ ತೋಟದ ಅಂಚಿನಲ್ಲಿ ಮುರಕಲ್ಲಿನ ತಡೆಗೋಡೆ ಕಟ್ಟಿ ಮಣ್ಣು ತುಂಬಬೇಕಾಯಿತು, ತೋಟದ ಮೇಲಂಚಿನ ಒಂದು ಸಾಲು ಅಡಿಕೆ ಮರಗಳನ್ನು ಬಿಟ್ಟುಕೊಡಬೇಕಾಯಿತು. ಫಸಲು ಕೊಡುತ್ತಿರುವ ಮರ ಕಡಿಯುವುದು ಯಾವ ಕೃಷಿಕನಿಗೂ ಸುಲಭವಲ್ಲ. ಯಜಮಾನರು ಒಪ್ಪಲು ಸಮಯ ತೆಗೆದುಕೊಂಡರು. ಕೊನೆಗೆ ಆ ಮಾತು ಇತ್ಯರ್ಥ ಮಾಡಿದವರು ಅಜ್ಜಿ: "ಮರ ಇನ್ನೊಂದು ಕಡೆ ನೆಡಬಹುದು ಮಗಾ, ಗುಡ್ಡವನ್ನು ಆಚೆಗೆ ದೂಡಲು ಆಗುತ್ತದಾ?"

ಮುಖ್ಯ ಬಾಗಿಲು ಪೂರ್ವಕ್ಕೇ ಇರಬೇಕೆಂಬ ಅಜ್ಜಿಯ ಇಚ್ಛೆಯನ್ನು ಉಳಿಸಿಕೊಂಡೆವು. ವಾಸ್ತುವಿನ ಪ್ರಕಾರ ಆಗ್ನೇಯದಲ್ಲಿ ಬಂದ ಅಡುಗೆಮನೆಗೆ ಪೂರ್ವ ಮತ್ತು ದಕ್ಷಿಣ ಎರಡೂ ಕಡೆಯ ಕಿಟಕಿ ಸಿಕ್ಕಿದ್ದರಿಂದ ಅದು ಬೆಳಕಿನ ದೃಷ್ಟಿಯಿಂದಲೂ ಉತ್ತಮ ಸ್ಥಾನವೇ ಆಯಿತು. ಈಶಾನ್ಯದಲ್ಲಿ ಅಜ್ಜಿಯ ಕೋಣೆ, ಇವೆರಡರ ನಡುವೆ ಪ್ರವೇಶ ಮತ್ತು ದೇವರ ಕೋಣೆ, ದಕ್ಷಿಣಕ್ಕೆ ಚಾವಡಿ, ಉತ್ತರಕ್ಕೆ ಮಲಗುವ ಕೋಣೆಗಳು. ಪಶ್ಚಿಮಕ್ಕೆ ಅಡಿಕೆ ಕೋಣೆ, ಬಚ್ಚಲು, ಮೆಟ್ಟಿಲು. ಇವುಗಳ ಗೋಡೆ ಎಷ್ಟು ಬಿಸಿಯಾದರೂ ಹಗಲು ಅಲ್ಲಿ ಕೂರುವವರಿಲ್ಲ. ಅದರ ಹೊರಗೆ ತೋಟಕ್ಕೆ ಮುಖ ಮಾಡಿದ ಎಂಟು ಅಡಿ ಅಗಲದ ಜಗಲಿ. ಮಾರ್ಚ್ ತಿಂಗಳ ಸಂಜೆ ನಾಲ್ಕಕ್ಕೆ ಸೂರ್ಯ ಸುಮಾರು 38 ಡಿಗ್ರಿಯಲ್ಲಿರುವಾಗ, ಏಳು ಅಡಿ ಎತ್ತರದ ಇಳಿಮಾಡಿನ ಕೆಳಗಿನಿಂದ ಬಿಸಿಲು ಜಗಲಿಯನ್ನು ದಾಟಿ ಗೋಡೆಯ ಬುಡದವರೆಗೆ ಮಾತ್ರ ಬರುತ್ತದೆ. ಅದಕ್ಕಿಂತ ತಗ್ಗಿಗೆ ಇಳಿದ ಮೇಲೆ ತೋಟದ ಅಡಿಕೆ ಮರಗಳ ತಲೆಗಳೇ ಬಿಸಿಲನ್ನು ಹಿಡಿದುಕೊಳ್ಳುತ್ತವೆ.

ಅಂಗಳದ ಲೆಕ್ಕ

ಅಡಿಕೆ ಬೆಳೆಗಾರರ ಮನೆಯಲ್ಲಿ ಬಿಸಿಲಿನ ಮೊದಲ ಹಕ್ಕು ಅಂಗಳದ್ದು. ಹಣ್ಣಡಿಕೆಯನ್ನು ಚಾಲಿ (ಸಿಪ್ಪೆ ಸಮೇತ ಒಣಗಿಸಿದ ಬಿಳಿ ಅಡಿಕೆ) ಮಾಡಲು 40ರಿಂದ 45 ದಿನಗಳ ಬಿಸಿಲು ಬೇಕು. ಆ ದಿನಗಳಲ್ಲಿ ಹೆಚ್ಚಿನವು ಡಿಸೆಂಬರಿನಿಂದ ಮಾರ್ಚಿನೊಳಗೆ, ಸೂರ್ಯ ದಕ್ಷಿಣಕ್ಕಿರುವಾಗಲೇ ಬರುತ್ತವೆ. ಇಪ್ಪತ್ತು ಅಡಿ ಎತ್ತರದ ಮನೆ ಡಿಸೆಂಬರಿನ ನಡುಹಗಲಿನಲ್ಲೇ ತನ್ನ ಉತ್ತರಕ್ಕೆ ಹದಿನಾಲ್ಕೂವರೆ ಅಡಿ ನೆರಳು ಚೆಲ್ಲುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದಕ್ಕೆ. ಆದ್ದರಿಂದ ಅಂಗಳವನ್ನು ಮನೆಯ ದಕ್ಷಿಣಕ್ಕೆ, ಹಳೆಯ ಹಟ್ಟಿ ಇದ್ದ ಕಡೆಗೆ ಸರಿಸಿದೆವು. ಅದಕ್ಕೆ ಮಾಡು ಹಾಕಬಾರದೆಂಬ ನಿರ್ಧಾರಕ್ಕೆ ಮನೆಯವರೂ ಬಂದರು. ಅಕಾಲದ ಮಳೆಗೆ ಎಳೆದು ಮುಚ್ಚುವ ಟಾರ್ಪಾಲು ಸಾಕೆಂದರು.

ಇದರಿಂದ ಮನೆಗೂ ಒಂದು ಲಾಭವಾಯಿತು. ದಕ್ಷಿಣದ ತೆರೆದ ಅಂಗಳಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ, ಮಾಡಿನ ಅಡಿಯಿಂದ ಹಾದು, ಚಾವಡಿಯ ಬಿಳಿಯ ಒಳಛಾವಣಿಗೆ ಬಡಿದು ಕೋಣೆಯಿಡೀ ಹರಡುತ್ತದೆ. ನೇರ ಬಿಸಿಲಿನ ಬಿಸಿ ಇದರಲ್ಲಿ ಇಲ್ಲ. ಒಂಬತ್ತು ಅಡಿ ಎತ್ತರದಲ್ಲಿ ಮೂರು ಅಡಿ ಮುಂದಕ್ಕೆ ಚಾಚಿದ ದಕ್ಷಿಣದ ಮಾಡು ಡಿಸೆಂಬರಿನ ನಡುಹಗಲಿನಲ್ಲಿ ಗೋಡೆಯ ಮೇಲೆ ನಾಲ್ಕು ಅಡಿ ನೆರಳು ಬೀಳಿಸುತ್ತದೆ; ಅದರ ಕೆಳಗೆ ನುಸುಳಿದ ಬಿಸಿಲು ಚಾವಡಿಯ ನೆಲದ ಮೇಲೆ ಮೂರೂವರೆ ಅಡಿಯ ಪಟ್ಟಿಯಾಗಿ ಬೀಳುತ್ತದೆ. ಮಾರ್ಚ್ ಬರುವಷ್ಟರಲ್ಲಿ ಆ ಪಟ್ಟಿ ಹೊರಗೆ ಸರಿದಿರುತ್ತದೆ, ಸೆಕೆಯ ತಿಂಗಳುಗಳಲ್ಲಿ ಒಳಗೆ ಬರುವುದೇ ಇಲ್ಲ. ಒಂದೇ ಮಾಡು ಯಾವ ಯಂತ್ರವೂ ಇಲ್ಲದೆ ಋತುವಿಗೆ ತಕ್ಕಂತೆ ಬಿಸಿಲನ್ನು ಬಿಡುವುದು, ತಡೆಯುವುದು ನನಗೆ ಪ್ರತಿಸಲವೂ ಸಂತೋಷ ಕೊಡುವ ಸಂಗತಿ.

ಮಳೆಗಾಲದ ಬೆಳಕು: ನಡು ಅಂಗಳದ ಮಾಡು

ಈಗ ಆಟಿ ತಿಂಗಳ ಪ್ರಶ್ನೆಗೆ ಬರೋಣ. ಹಗಲು ಬೆಳಕಿನ ಬಗ್ಗೆ ನಮ್ಮ ದೇಶದ ಮಾನಕಗಳು ಹೊರಗಿನ ಆಕಾಶ 8000 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಬೆಳಕು ಕೊಡುತ್ತದೆಂದು ಇಟ್ಟುಕೊಂಡು, ಅದರಲ್ಲಿ ಅಡುಗೆಮನೆಗೆ ಶೇಕಡಾ 2.5, ಓದುವ ಕೋಣೆಗೆ 1.9, ಕೂರುವ ಕೋಣೆಗೆ 0.625 ಪಾಲು ತಲುಪಬೇಕೆಂದು ಹೇಳುತ್ತವೆ. ಅಂದರೆ ಅಡುಗೆಮನೆಯ ಕಟ್ಟೆಯ ಮೇಲೆ 200 ಲಕ್ಸ್, ಓದುವ ಮೇಜಿನ ಮೇಲೆ 150ರ ಸುಮಾರು, ಚಾವಡಿಯಲ್ಲಿ 50. ಅಡುಗೆಮನೆಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಬೇಕೆಂದು ಮಾನಕಗಳೇ ಹೇಳುತ್ತಿರುವಾಗ, ನಮ್ಮ ಬಹುತೇಕ ಮನೆಗಳಲ್ಲಿ ಅದನ್ನು ಹಿಂಬದಿಯ ಕತ್ತಲ ಮೂಲೆಗೆ ತಳ್ಳಿ, ವರ್ಷಕ್ಕೆ ನಾಲ್ಕು ಸಲ ಅತಿಥಿಗಳು ಕೂರುವ ಕೋಣೆಗೆ ದೊಡ್ಡ ಕಿಟಕಿ ಇಡುವುದನ್ನು ಕಂಡಾಗ ಬೇಸರವಾಗುತ್ತದೆ. ಮನೆಯಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುವವರು ಯಾರು ಎಂಬುದನ್ನು ನೋಡಿ ಬೆಳಕು ಹಂಚಬೇಕು.

ಪೂರ್ತಿ ಮೋಡ ಮುಚ್ಚಿದ ಆಕಾಶದ ಒಂದು ಗುಣ ಇಲ್ಲಿ ಮುಖ್ಯ. ಅಂತಹ ಆಕಾಶದಲ್ಲಿ ದಿಗಂತದ ಹೊಳಪಿಗಿಂತ ನೆತ್ತಿಯ ಹೊಳಪು ಮೂರು ಪಟ್ಟು ಹೆಚ್ಚು. ಮಳೆಗಾಲದಲ್ಲಿ ಗೋಡೆಯ ಕಿಟಕಿಗೆ ಕಾಣುವುದು ಮಂಕಾದ ಕೆಳಗಿನ ಆಕಾಶ, ಅದೂ ಗುಡ್ಡ ಮತ್ತು ಮರಗಳ ಮೇಲಿನಿಂದ. ಮಾಡಿನ ತೆರವಿಗೆ ಕಾಣುವುದು ಅತಿ ಹೊಳಪಿನ ಭಾಗ. ಹಾಗಾಗಿ ಮಾಡಿನಲ್ಲಿ ಇಟ್ಟ ಒಂದು ಚದರ ಅಡಿ ಗಾಜು ಗೋಡೆಯಲ್ಲಿ ಇಟ್ಟ ಹಲವು ಚದರ ಅಡಿಯ ಕೆಲಸ ಮಾಡುತ್ತದೆ. ಆದರೆ ಅದೇ ಗಾಜು ಏಪ್ರಿಲ್ ತಿಂಗಳ ನೆತ್ತಿಯ ಬಿಸಿಲನ್ನೂ ನೇರವಾಗಿ ಒಳಗೆ ಇಳಿಸುತ್ತದೆ.

ನಡು ಅಂಗಳವನ್ನು ಪೂರ್ತಿ ತೆರೆದಿಡುವುದು ಮನೆಯವರಿಗೆ ಬೇಡವಾಗಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಎರಚಲು, ಸೊಳ್ಳೆ, ಒದ್ದೆ ನೆಲದ ಮೇಲೆ ಅಜ್ಜಿ ಜಾರುವ ಭಯ ಎಲ್ಲವೂ ನಿಜವಾದ ಕಾರಣಗಳು. ಮೇಲೆ ಪೂರ್ತಿ ಗಾಜು ಹೊದಿಸುವುದನ್ನು ನಾನೇ ಒಪ್ಪಲಿಲ್ಲ. ಬಿಸಿಯ ಜೊತೆಗೆ, ತೆಂಗಿನ ಮಡಲು ಬೀಳುವ ಜಾಗದಲ್ಲಿ ಅಗಲವಾದ ಗಾಜು ಅಪಾಯಕಾರಿ. ಕೊನೆಗೆ ಮಾಡಿದ್ದು ಇಷ್ಟು. ನಡು ಅಂಗಳದ ಮೇಲೆ, ಸುತ್ತಲಿನ ಮಾಡಿಗಿಂತ ಎರಡೂವರೆ ಅಡಿ ಎತ್ತರಿಸಿ, ಉತ್ತರಕ್ಕೂ ದಕ್ಷಿಣಕ್ಕೂ ಇಳಿಜಾರಿರುವ ಪುಟ್ಟ ಹಂಚಿನ ಮಾಡು ಕಟ್ಟಿದೆವು. ಅದರ ಉತ್ತರದ ಇಳಿಜಾರಿನಲ್ಲಿ ಮಂಗಳೂರು ಹಂಚಿನ ಅಳತೆಯದೇ ಆದ 30 ಗಾಜಿನ ಹಂಚುಗಳನ್ನು ಕೂರಿಸಿದೆವು. ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುವುದರಿಂದ ಇದು ಎರಡು ಚದರ ಮೀಟರಿನ ತೆರವು. ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಎತ್ತರಿಸಿದ ಭಾಗದ ನಾಲ್ಕು ಬದಿಗೂ ಎರಚಲು ನುಗ್ಗದಂತೆ ಓರೆ ಪಟ್ಟಿಗಳನ್ನಿಟ್ಟು, ಹಿಂದೆ ಸೊಳ್ಳೆ ಬಲೆ ಹಾಕಿದ್ದರಿಂದ ಬಿಸಿ ಗಾಳಿ ಮೇಲಿನಿಂದಲೇ ಹೊರಹೋಗುತ್ತದೆ. ಹಂಚಿನ ಕೆಳಗೆ ಬಿಳಿ ಬಣ್ಣದ ಮರದ ಪಟ್ಟಿಗಳ ಜಾಲರಿಯನ್ನು ಕಟ್ಟಿದ್ದು ಬೆಳಕನ್ನು ಒಡೆದು ಹರಡಲು. ವಿಷುವಿನಿಂದ ಪತ್ತನಾಜೆಯವರೆಗೆ, ಅಂದರೆ ಏಪ್ರಿಲ್ ನಡುವಿನಿಂದ ಮೇ 24ರ ಸುಮಾರಿನವರೆಗೆ, ಜಾಲರಿಯ ಮೇಲೆ ಬಿಳಿ ಹತ್ತಿ ಬಟ್ಟೆ ಎಳೆಯಲು ಹಗ್ಗ ಮತ್ತು ರಾಟೆ ಇದೆ. ಮಳೆ ಹಿಡಿದ ಕೂಡಲೇ ಬಟ್ಟೆ ತೆಗೆಯುತ್ತಾರೆ.

ಗೋಡೆಗಳ ಒಳಮೈಗೆ ಸುಣ್ಣದ ಬಿಳಿ, ನಡು ಅಂಗಳದ ಸುತ್ತಲಿನ ಗೋಡೆಗೂ ಅದೇ. ಮುರಕಲ್ಲನ್ನು ಗಾರೆ ಮಾಡದೆ ಹಾಗೆಯೇ ಬಿಡುವುದು ಈಗ ಜನಪ್ರಿಯ, ನೋಡಲೂ ಚೆಂದ. ಮಗ ಸೊಸೆಗೆ ಅದು ಬೇಕಿತ್ತು. ಬರಿ ಮುರಕಲ್ಲು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹೀರಿಕೊಳ್ಳುತ್ತದೆ, ಬಿಳಿ ಗೋಡೆ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ಹೊರಗಿನ ಗೋಡೆಗಳನ್ನೂ ಜಗಲಿಯನ್ನೂ ಮುರಕಲ್ಲಿನಲ್ಲೇ ಬಿಟ್ಟು ಈ ವಿಷಯ ಬಗೆಹರಿಯಿತು. ಮೇಲಿನ ಮಹಡಿಯಲ್ಲಿ, ಪಶ್ಚಿಮದ ಅಡಿಕೆ ಕೋಣೆಯ ಮೇಲೆ ಮಾತ್ರ ಇರುವ ಮಗನ ಕೆಲಸದ ಕೋಣೆಗೆ ಬೆಳಕು ಉತ್ತರದಿಂದ. ಪಶ್ಚಿಮದ ಗೋಡೆಯಲ್ಲಿ ಗಾಳಿಗಷ್ಟೇ ಮೇಲ್ಮಟ್ಟದ ಕಿಂಡಿಗಳಿವೆ. ಕಂಪ್ಯೂಟರಿನ ಪರದೆಗೆ ಎದುರಿನಿಂದಾಗಲಿ ಹಿಂದಿನಿಂದಾಗಲಿ ಕಿಟಕಿ ಬಾರದಂತೆ ಮೇಜನ್ನು ಅಡ್ಡಕ್ಕೆ ಇಟ್ಟಿದ್ದಾರೆ.

ವಾಸಕ್ಕೆ ಬಂದ ಮೇಲೆ

ಒಂದು ಪೂರ್ತಿ ಮಳೆಗಾಲ ಕಳೆದ ಬಳಿಕ ಮನೆಯನ್ನು ಮತ್ತೆ ನೋಡಿದೆ. ಆಟಿಯ ದಿನಗಳಲ್ಲಿ ಎಂಟು ಗಂಟೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಗೆರಸೆಯಲ್ಲಿ ಹರಡಿದ ಅಕ್ಕಿಯ ಕಲ್ಲು ಕಾಣುತ್ತದೆಂದು ಯಜಮಾನರ ಪತ್ನಿ ತೋರಿಸಿಯೇ ಹೇಳಿದರು. ಕಟ್ಟೆಯ ಒಳಮೂಲೆಯಲ್ಲಿ, ಒಲೆಯ ಪಕ್ಕದಲ್ಲಿ, ಜಡಿಮಳೆಯ ದಿನ ಮಾತ್ರ ಲೈಟು ಬೇಕಾಗುತ್ತದೆಂದೂ ಹೇಳಿದರು. ಅಜ್ಜಿ ಬೆಳಗಿನ ಪತ್ರಿಕೆ ಓದುವುದು ತಮ್ಮ ಕೋಣೆಯಲ್ಲಿ ಅಲ್ಲ, ನಡು ಅಂಗಳದ ಅಂಚಿನ ಕಟ್ಟೆಯ ಮೇಲೆ. ತಮ್ಮ ಕೋಣೆಯ ಪೂರ್ವದ ಕಿಟಕಿಗೆ ಎಂಟರ ನಂತರ ಬರುವ ನೇರ ಬಿಸಿಲು ಅವರ ಕಣ್ಣಿಗೆ ಹೆಚ್ಚಾಗುತ್ತದೆ. ಆ ಹೊತ್ತಿಗೆ ಬಿದಿರಿನ ತಟ್ಟಿ ಇಳಿಸುತ್ತಾರೆ. ಮಳೆಗಾಲದಲ್ಲಿ ಆ ತಟ್ಟಿ ಮೇಲೆಯೇ ಇರುತ್ತದೆ.

ಎರಡು ವಿಷಯಗಳು ಗಮನ ಬೇಡಿದವು. ಗಾಜಿನ ಹಂಚುಗಳ ಮೇಲೆ ಆಗಸ್ಟಿನ ಹೊತ್ತಿಗೆ ತೆಳುವಾದ ಹಸಿರು ಪಾಚಿ ಕಟ್ಟಿ, ಬೆಳಕು ಬೇಕೇ ಬೇಕಾದ ಸಮಯದಲ್ಲೇ ನಡು ಅಂಗಳ ಮಂಕಾಯಿತು. ಉತ್ತರದ ಇಳಿಜಾರು ಬೇಗ ಒಣಗದಿರುವುದು ಇದಕ್ಕೆ ಕಾರಣ. ಒದ್ದೆ ಹಂಚಿನ ಮೇಲೆ ಹತ್ತುವುದು ಅಪಾಯವಾದ್ದರಿಂದ ಮೇಲಿನ ಮಹಡಿಯ ಮೆಟ್ಟಿಲಿನಿಂದ ಆ ಮಾಡಿನ ಅಂಚಿಗೆ ತಲುಪುವ, ಕೈಹಿಡಿ ಇರುವ ಕಬ್ಬಿಣದ ಕಿರುದಾರಿಯನ್ನು ಈಗ ಸೇರಿಸಲಾಗಿದೆ. ಮಳೆಗೆ ಮೊದಲು ಒಮ್ಮೆ, ಮಳೆಯ ನಡುವೆ ಬಿಡುವು ಸಿಕ್ಕಿದಾಗ ಒಮ್ಮೆ ಉದ್ದ ಹಿಡಿಯ ಬ್ರಷ್‌ನಿಂದ ಉಜ್ಜಿದರೆ ಸಾಕಾಗುತ್ತದೆ. ಮಾಡಿನಲ್ಲಿ ಗಾಜು ಇಡುವವರು ಈ ದಾರಿಯ ಖರ್ಚನ್ನು ಮೊದಲೇ ಅಂದಾಜುಪಟ್ಟಿಗೆ ಸೇರಿಸಿಕೊಳ್ಳಬೇಕು.

ಇನ್ನೊಂದು ಅಂಗಳದ ಪ್ರಖರತೆ. ಹೊಸ ಸಿಮೆಂಟಿನ ಅಂಗಳ ಫೆಬ್ರವರಿಯ ಮಧ್ಯಾಹ್ನ ಚಾವಡಿಯಲ್ಲಿ ಕೂತವರ ಕಣ್ಣು ಕುಕ್ಕುತ್ತಿತ್ತು. ಅಡಿಕೆ ಹರಡಿರುವಷ್ಟು ದಿನ ತೊಂದರೆಯಿಲ್ಲ. ಅಡಿಕೆ ಎತ್ತಿದ ಮೇಲೆ ಶುರುವಾಗುತ್ತದೆ. ಮನೆಯವರು ಚಾವಡಿಗೆ ಹತ್ತಿರದ ಆರು ಅಡಿಯಷ್ಟು ಭಾಗಕ್ಕೆ ಸೆಗಣಿ ಸಾರಿಸಿ ನೋಡಿದರು. ಕಣ್ಣಿಗೆ ತಂಪಾಯಿತು, ಒಳಗಿನ ಛಾವಣಿಯ ಬೆಳಕು ಸ್ವಲ್ಪ ಇಳಿದರೂ ಓದಲು ಸಾಕಾಗುವಷ್ಟು ಉಳಿಯಿತು. ಮುಂದಿನ ವರ್ಷ ಆ ಪಟ್ಟಿಯಲ್ಲಿ ಸಿಮೆಂಟು ತೆಗೆದು ಮುರಕಲ್ಲಿನ ಹಾಸು ಹಾಕುವ ಯೋಚನೆಯಲ್ಲಿದ್ದಾರೆ. ಬಚ್ಚಲಿನ ಓಣಿ ಮಾತ್ರ ಈಗಲೂ ಹಗಲು ಕತ್ತಲೆಯೇ; ಅಲ್ಲಿನ ಹಂಚಿನ ಮಾಡಿಗೆ ನಾಲ್ಕು ಗಾಜಿನ ಹಂಚು ತಂದಿಟ್ಟಿದ್ದಾರೆ, ಮಳೆ ಬಿಟ್ಟ ಮೇಲೆ ಕೂರಿಸುವ ಕೆಲಸ ಬಾಕಿಯಿದೆ.